ಬದುವಿನ ಚಿಟ್ಟೆಗೂ ಒಂದು ಲೆಕ್ಕ ಇರಲಿ

ಹೋದ ಮಳೆಗಾಲ ಹೊಲದಲ್ಲಿ ಮೊಮ್ಮಗ ಕೇಳಿದ, "ತಾತ, ನೀನು ಚಿಕ್ಕವನಿದ್ದಾಗ ಚಿಟ್ಟೆ ಎಷ್ಟಿದ್ವು?" ಜಾಸ್ತಿ ಇದ್ವು ಕಣಪ್ಪ ಅಂದೆ. ಎಷ್ಟು ಜಾಸ್ತಿ ಅಂದರೆ ನನ್ನಲ್ಲಿ ಉತ್ತರವಿಲ್ಲ. ರಾಗಿ ಎಷ್ಟು ಚೀಲ ಆಯ್ತು ಅನ್ನೋದು ಲೆಕ್ಕದಲ್ಲಿದೆ, ಹುಳುಹುಪ್ಪಟೆಯ ಲೆಕ್ಕ ನಾವು ಇಟ್ಟವರಲ್ಲ.

ಇಟ್ಟವರೂ ಇದ್ದಾರೆ. ಜರ್ಮನಿಯ ಕ್ರೆಫೆಲ್ಡ್ ಊರಿನ ಹವ್ಯಾಸಿಗಳ ಸಂಘವೊಂದು 63 ಸಂರಕ್ಷಿತ ಜಾಗಗಳಲ್ಲಿ ಡೇರೆಯಂಥ ಬಲೆ ಕಟ್ಟಿ, ಬಿದ್ದ ಹಾರುವ ಹುಳುಗಳನ್ನು ತೂಗಿ ಬರೆದಿಟ್ಟಿತು. 1989ರಿಂದ 2016ರವರೆಗಿನ ಈ ಲೆಕ್ಕ 2017ರಲ್ಲಿ ಪ್ರಕಟವಾಯಿತು. 27 ವರ್ಷದಲ್ಲಿ ಹುಳುಗಳ ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿತ್ತು. ಬ್ರಿಟನ್ನಿನಲ್ಲಿ 1976ರಿಂದ ಚಿಟ್ಟೆ ಎಣಿಸುತ್ತಿದ್ದಾರೆ. ಅವರ ಕ್ರಮ ನಮಗೂ ಆಗುವಂಥದ್ದು.

ಎಣಿಸುವುದು ಹೀಗೆ

1. ಒಂದು ದಾರಿ ಗೊತ್ತುಮಾಡಿ, ವಾರಕ್ಕೊಮ್ಮೆ ಅದೇ ದಾರಿಯಲ್ಲಿ ನಿಧಾನವಾಗಿ ನಡೆಯಿರಿ.
2. ಬಿಸಿಲಿರಬೇಕು, ಜೋರು ಗಾಳಿ ಇರಬಾರದು.
3. ಎಡಬಲ ಎರಡೂವರೆ ಮೀಟರು, ಮುಂದೆ ಐದು ಮೀಟರಿನೊಳಗೆ ಕಂಡದ್ದನ್ನು ಮಾತ್ರ ಎಣಿಸಿ.
4. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ ಬರೆಯಿರಿ. ಎಷ್ಟು ಬಗೆ ಎಂಬುದೂ ಮುಖ್ಯ.

ಮಳೆ ನೋಡಿಕೊಂಡು ಚಿಟ್ಟೆ ಏರಿಳಿಯುತ್ತವೆ. ಆದ್ದರಿಂದ ಒಂದು ವರ್ಷದ ಲೆಕ್ಕ ನಂಬಬೇಡಿ, ಹತ್ತು ವರ್ಷ ಬರೆಯಿರಿ.

ಗಿಡ ಇದ್ದರೆ ಚಿಟ್ಟೆ

ಚಿಟ್ಟೆ ಹಲವು ಹೂವಿನ ರಸ ಕುಡಿಯುತ್ತದೆ, ಆದರೆ ಅದರ ಮರಿಹುಳುವಿಗೆ ಅದರದೇ ಗಿಡ ಬೇಕು. ಕಿತ್ತಳೆ ಬಣ್ಣದ, ರೆಕ್ಕೆ ತುದಿ ಕಪ್ಪಿರುವ ಚಿಟ್ಟೆ ಎಕ್ಕದ ಮೇಲೆ ಮೊಟ್ಟೆ ಇಡುತ್ತದೆ. ಹಸಿರು ಛಾಯೆಯ ಬಿಳಿಯದು ತಂಗಡಿಯ ಮೇಲೆ, ಕಪ್ಪು ಚುಕ್ಕೆಯ ಸಣ್ಣ ಬಿಳಿಯದು ಎಲಚಿಯ ಮೇಲೆ. ಅವರೆ, ತೊಗರಿ ಕಾಯಿ ಕೊರೆಯುವ ನೀಲಿ ಚಿಟ್ಟೆಯೂ ಉಂಟು, ಎಲ್ಲ ಚಿಟ್ಟೆಯೂ ನಮ್ಮ ನೆಂಟರಲ್ಲ. ಆದರೆ ಅದೇ ಬದುವಿನ ಹೂವಿಗೆ ಜೇನೂ ಬರುತ್ತದೆ. ಜೇನಿಲ್ಲದೆ ಹುಚ್ಚೆಳ್ಳು ಸರಿಯಾಗಿ ಕಾಳು ಕಟ್ಟುವುದಿಲ್ಲ, ಕುಂಬಳ ಕಾಯಿ ಕಚ್ಚುವುದಿಲ್ಲ.

ನಾನು ಮಾಡಿದ ತಪ್ಪು

ಟ್ರಾಕ್ಟರು ತಿರುಗಲಿ ಅಂತ ಮೂಡಣ ಬದುವಿನ ಎಕ್ಕ, ತಂಗಡಿ, ಎಲಚಿ ಕೀಳಿಸಿದೆ, ಚಿಗುರಿದ್ದಕ್ಕೆ ಕಳೆನಾಶಕ ಹೊಡೆದೆ. ಪಡುವಣ ಬದು ಪಕ್ಕದವರೊಂದಿಗೆ ಜಂಟಿ. ಅವರು ಒಪ್ಪದ್ದರಿಂದ ಅದು ಉಳಿಯಿತು. ಅವತ್ತು ಅವರ ಮೇಲೆ ಸಿಟ್ಟಾಗಿದ್ದೆ. ಈಗ ಮೊಮ್ಮಗನ ಜೊತೆ ಎರಡೂ ಬದು ಎಣಿಸುತ್ತೇನೆ. ಪಡುವಣದ ಪುಟ ತುಂಬುತ್ತದೆ, ಮೂಡಣದ್ದು ಬಹುಪಾಲು ಖಾಲಿ. ಈ ವರ್ಷ ಅಲ್ಲಿ ಕಳೆನಾಶಕ ನಿಲ್ಲಿಸಿ ತಂಗಡಿ ಬೀಜ ಎರಚಿದ್ದೇನೆ.

ಮುಂಗಾರಿನಿಂದ ನೀವೂ ಶುರುಮಾಡಿ. ಕಂಡದ್ದನ್ನು ಪತ್ರಿಕೆಗೆ ಬರೆಯಿರಿ.