ಕರೆಂಟ್ ಹೋಗಿ ಬಂದರೂ ನೀರೆತ್ತಬೇಕು: ಅಕ್ವೇರಿಯಂಗೆ ಹ್ಯಾಂಗಿಂಗ್ ಫಿಲ್ಟರ್ ಆರಿಸುವುದು ಹೇಗೆ?

ಗದಗ-ಬೆಟಗೇರಿಯ ನಳದಲ್ಲಿ ತುಂಗಭದ್ರೆಯ ನೀರು ದಿನಾಲೂ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಂಡದ್ದೇ ಮುಂದಿನ ಸರದಿವರೆಗೆ; ಸಾಲದಿದ್ದರೆ ಬೋರಿನ ಸವಳು ನೀರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಬೋರು ನಂಬಿದ ಮನೆಗಳೂ ಸಾಕಷ್ಟಿವೆ. ಹೀಗಿರುವಾಗ ಮೀನಿನ ಟ್ಯಾಂಕಿನ ನೀರನ್ನು ಮನಸ್ಸು ಬಂದಾಗ ಬದಲಿಸಲಾಗದು. ಇದ್ದ ನೀರನ್ನೇ ಹಸನಾಗಿಡುವ ಫಿಲ್ಟರ್ ಬೇಕು.

ಸಣ್ಣ, ನಡುಗಾತ್ರದ ಟ್ಯಾಂಕಿಗೆ ಅನುಕೂಲವಾದದ್ದು ಹ್ಯಾಂಗಿಂಗ್ ಫಿಲ್ಟರ್. ಇದು ಹಿಂದಿನ ಗಾಜಿಗೆ ಸಿಕ್ಕಿಸುವ ಪೆಟ್ಟಿಗೆ. ಮೋಟಾರ್ ಕೊಳವೆಯಿಂದ ನೀರನ್ನು ಮೇಲೆಳೆದು ಸ್ಪಂಜು, ಸೆರಾಮಿಕ್ ರಿಂಗ್‌ಗಳ ಮೂಲಕ ಹಾಯಿಸಿ ಮತ್ತೆ ಟ್ಯಾಂಕಿಗೆ ಬೀಳಿಸುತ್ತದೆ. ಕೊಳ್ಳುವಾಗ ಡಬ್ಬದ ಮೇಲಿನ ದೊಡ್ಡ ಅಂಕಿಗಿಂತ ನಿಮ್ಮ ಮನೆಯ ನೀರು, ಕರೆಂಟು ಎರಡನ್ನೂ ತಾಳಿಕೊಳ್ಳುತ್ತದೆಯೇ ಎಂದು ನೋಡಿ.

1. ಮೊದಲು ಟ್ಯಾಂಕ್ ಅಳೆಯಿರಿ

ಉದ್ದ, ಅಗಲ, ಎತ್ತರವನ್ನು ಫೂಟಿನಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರ್ ಲೆಕ್ಕ ಸಿಗುತ್ತದೆ. 2 ಫೂಟು ಉದ್ದ, ತಲಾ 1 ಫೂಟು ಅಗಲ-ಎತ್ತರದ ಟ್ಯಾಂಕ್ ಸುಮಾರು 56 ಲೀಟರ್. ಮೇಲಿನ ಖಾಲಿ ಜಾಗ, ಕೆಳಗಿನ ಹರಳು ಕಳೆದರೆ 45 ಲೀಟರ್ ನೀರು. ತಾಸಿಗೆ 4ರಿಂದ 6 ಸಲ ಇಡೀ ನೀರು ಫಿಲ್ಟರ್ ಹಾಯ್ದು ಬರಬೇಕು. ಡಬ್ಬದ ಮೇಲಿನ ಅಂಕಿ ಸಾಮಾನ್ಯವಾಗಿ ಖಾಲಿ ಪೆಟ್ಟಿಗೆಯದು. ಸ್ಪಂಜು ತುಂಬಿದ ಮೇಲೆ ಹರಿವು ತಗ್ಗುತ್ತದೆ. ಹಾಗಾಗಿ ಈ ಟ್ಯಾಂಕಿಗೆ ತಾಸಿಗೆ 300 ಲೀಟರಿನದು ಸರಿಹೋಗುತ್ತದೆ.

2. ಮೋಟಾರ್ ಎಲ್ಲಿದೆ ನೋಡಿ

ನಮ್ಮ ಕಡೆ ಮುಖ್ಯವಾದ ಪ್ರಶ್ನೆ ಇದೇ. ಕೆಲವು ಮಾದರಿಗಳಲ್ಲಿ ಮೋಟಾರ್ ಹೊರಗಿನ ಪೆಟ್ಟಿಗೆಯಲ್ಲಿರುತ್ತದೆ. ನೀರಿನ ಮಟ್ಟ ತಗ್ಗಿದ್ದಾಗ ಕರೆಂಟ್ ಹೋಗಿ ಬಂದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡು, ಮೋಟಾರ್ ಗುಂಯ್ ಅನ್ನುತ್ತದೆಯೇ ಹೊರತು ನೀರು ಏರುವುದಿಲ್ಲ. ಮನೆಯವರು ಊರಲ್ಲಿಲ್ಲದಿದ್ದರೆ ಮೋಟಾರ್ ಒಣಗಿಯೇ ತಿರುಗಿ ಕೆಡುತ್ತದೆ. ಮೋಟಾರ್ ಟ್ಯಾಂಕಿನ ನೀರಿನಲ್ಲೇ ಮುಳುಗಿರುವ ಮಾದರಿಗೆ ಈ ಕಾಟ ಕಡಿಮೆ. ಕರೆಂಟ್ ಬಂದೊಡನೆ ತಾನೇ ಶುರುವಾಗುತ್ತದೆ. ಅಂಗಡಿಯಲ್ಲೇ ಓಡಿಸಿ, ಹತ್ತು ನಿಮಿಷ ಬಂದ್ ಮಾಡಿಸಿ, ಮತ್ತೆ ಹಾಕಿಸಿ ನೋಡಿ.

ಸಣ್ಣ ಫಿಲ್ಟರ್ ಎಳೆಯುವುದು ಸುಮಾರು 5 ವ್ಯಾಟ್. ತಿಂಗಳಿಗೆ 4 ಯೂನಿಟ್ ಒಳಗೇ. ಇನ್ವರ್ಟರ್ ಇದ್ದರೆ ಅದಕ್ಕೇ ಜೋಡಿಸಿ. ಹಲವು ತಾಸು ನಿಂತಿದ್ದರೆ ಒಳಗಿನ ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ಅಲುಬಿ, ಪೆಟ್ಟಿಗೆಯ ಹಳಸಿದ ನೀರು ಚೆಲ್ಲಿ, ಆಮೇಲೆ ಚಾಲೂ ಮಾಡಿ.

3. ಪೆಟ್ಟಿಗೆಯೊಳಗೆ ಜಾಗ ಇರಲಿ

ಮೀನಿನ ಮಲ, ಉಳಿದ ಕಾಳಿನಿಂದ ಹುಟ್ಟುವ ಅಮೋನಿಯಾ ವಿಷ. ಸ್ಪಂಜು, ರಿಂಗ್‌ಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಮಾಡುತ್ತವೆ. ಕಂಪನಿಯ ಕಾರ್ಟ್ರಿಜ್ ಮಾತ್ರ ಕೂಡುವ ಮಾದರಿಯಲ್ಲಿ ಹಳೆಯದನ್ನು ಎಸೆದಾಗ ಬ್ಯಾಕ್ಟೀರಿಯಾವೂ ಹೋಗುತ್ತದೆ, ಹೊಸದಕ್ಕೆ ಹುಬ್ಬಳ್ಳಿಯವರೆಗೂ ಹುಡುಕಬೇಕಾದೀತು. ಸ್ಪಂಜು, ರಿಂಗ್ ಬೇಕಾದಂತೆ ತುಂಬಬಹುದಾದ ಅಗಲ ಪೆಟ್ಟಿಗೆ ಲೇಸು. ಇವನ್ನು ಕ್ಲೋರಿನ್ ಇರುವ ನಳದ ನೀರಿಗೆ ಹಿಡಿಯಬೇಡಿ.

4. ಮೀನಿಗೆ ತಕ್ಕ ಹರಿವು

ಗೋಲ್ಡ್‌ಫಿಶ್ ಹೊಲಸು ಹೆಚ್ಚು ಮಾಡುತ್ತದೆ, ಒಂದು ಅಳತೆ ದೊಡ್ಡದನ್ನೇ ತನ್ನಿ. ಬೆಟ್ಟಾಕ್ಕೆ ಬಿರುಸಿನ ನೀರು ಆಗದು. ಹರಿವು ತಗ್ಗಿಸುವ ಗುಬ್ಬಿ ಇದೆಯೇ ನೋಡಿ. ಗಪ್ಪಿ ಮರಿ ಹಾಕುವ ಟ್ಯಾಂಕಾದರೆ ಕೊಳವೆಯ ಬಾಯಿಗೆ ಸ್ಪಂಜು ಹಾಕಿ, ಇಲ್ಲವಾದರೆ ಮರಿ ಒಳಗೆ ಎಳೆದುಹೋಗುತ್ತವೆ.

5. ಸವಳು ನೀರಿನ ಲೆಕ್ಕ

ನೀರು ಕಾಯಿಸುವ ಪಾತ್ರೆಗೆ ಕಟ್ಟುವ ಬಿಳಿ ಸುಣ್ಣವೇ ಮೋಟಾರಿನಲ್ಲಿ ತಿರುಗಿ ನೀರು ತಳ್ಳುವ ಇಂಪೆಲ್ಲರ್‌ಗೂ ಕಟ್ಟುತ್ತದೆ. ಸದ್ದು ಬದಲಾದರೆ, ಹರಿವು ಸೊರಗಿದರೆ ಇದೇ ಕಾರಣವಿರಬಹುದು. ಇಂಪೆಲ್ಲರ್ ಸುಲಭವಾಗಿ ಕೈಗೆ ಬರುವ ಮಾದರಿ ಆರಿಸಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಇಂಪೆಲ್ಲರನ್ನು ವಿನೆಗರ್ ಅಥವಾ ಲಿಂಬೆ ರಸದಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ಚೆನ್ನಾಗಿ ತೊಳೆದು ಕೂಡಿಸಿ.

ಕಾರ್ಬನ್ ಹಾಕಿದರೆ ಸವಳು ಹೋಗದು. ಬೇಸಿಗೆಯಲ್ಲಿ ನೀರು ಆರುತ್ತದೆ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಮೇಲೆ ಮತ್ತೆ ಬೋರಿನ ನೀರು ಸುರಿದರೆ ಸವಳು ಏರುತ್ತಲೇ ಹೋಗುತ್ತದೆ. ಆರಿದಷ್ಟನ್ನು ಶುದ್ಧ ನೀರಿನ ಘಟಕದ ನೀರಿನಿಂದ ತುಂಬಿ. ಇಡೀ ಟ್ಯಾಂಕಿಗೆ ಅದೊಂದನ್ನೇ ಬಳಸಬೇಡಿ, ಮೀನಿಗೆ ಖನಿಜವೂ ಬೇಕು.

6. ಕೂಡಿಸುವ ಜಾಗ

ಗೋಡೆಗೂ ಟ್ಯಾಂಕಿಗೂ ನಡುವೆ ಪೆಟ್ಟಿಗೆ ಹಿಡಿಯುವಷ್ಟು, ಸುಮಾರು ನಾಲ್ಕೈದು ಇಂಚು, ಬಿಡಿ. ಮುಚ್ಚಳದ ಹಿಂಬದಿ ಕೊರೆಸಬೇಕಾಗಬಹುದು. ಗಾಜಿನ ದಪ್ಪಕ್ಕೆ ಕೊಕ್ಕೆ ಕೂಡುತ್ತದೆಯೇ ಅಳೆಯಿರಿ. ವೈರ್ ಸಾಕೆಟ್‌ಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತಿರಲಿ; ವೈರಿನಗುಂಟ ಇಳಿದ ಹನಿ ಸಾಕೆಟ್ ಸೇರದೆ ನೆಲಕ್ಕೆ ಬೀಳುತ್ತದೆ.

ದುಡ್ಡು ಕೊಡುವ ಮುನ್ನ ಕೇಳಿ

- ಕರೆಂಟ್ ಹೋಗಿ ಬಂದರೆ ತಾನೇ ನೀರೆತ್ತುತ್ತದೆಯೇ?
- ಇಂಪೆಲ್ಲರ್ ಬಿಡಿಯಾಗಿ ಸಿಗುತ್ತದೆಯೇ?
- ಸಾಮಾನ್ಯ ಸ್ಪಂಜು, ರಿಂಗ್ ಹಿಡಿಯುತ್ತದೆಯೇ?
- ಹರಿವು ಹೆಚ್ಚು-ಕಡಿಮೆ ಮಾಡಬಹುದೇ?

ಫಿಲ್ಟರ್ ತಂದ ದಿನವೇ ಟ್ಯಾಂಕ್ ತುಂಬ ಮೀನು ಬಿಡಬೇಡಿ. ಬ್ಯಾಕ್ಟೀರಿಯಾ ನೆಲೆಗೊಳ್ಳಲು 4ರಿಂದ 6 ವಾರ ಬೇಕು. ಅಲ್ಲಿಯವರೆಗೆ ಒಂದೆರಡು ಮೀನು, ಚಿಟಿಕೆ ಕಾಳು ಸಾಕು. ಫಿಲ್ಟರ್ ಎಷ್ಟೇ ಒಳ್ಳೆಯದಿರಲಿ, ನೈಟ್ರೇಟ್ ತೆಗೆಯಲು ನೀರು ಬದಲಿಸಲೇಬೇಕು. ನಳ ಬಂದ ದಿನ ಎರಡು ಕೊಡ ನೀರನ್ನು ಬಾಯ್ತೆರೆದ ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ ಕ್ಲೋರಿನ್ ಬಹುಮಟ್ಟಿಗೆ ಆರುತ್ತದೆ. ಅಷ್ಟೇ ಹಳೆಯ ನೀರು ತೆಗೆದು ಅದನ್ನು ಸುರಿಯಿರಿ.