‘ಹೊಸದರಂತಿದೆ’ ಅಂತ ಬರೆಯಬೇಡ ಮಾರಾಯ್ತಿ

ನೆಲ್ಯಾಡಿ

ಪುಟ್ಟಿ,

ಕಾರ್ಪೆಂಟರ್ಸ್ ತಂಡದ ರೆಕಾರ್ಡು ಮಾರಲಿಕ್ಕೆ ನೀನು ಬರೆದ ಜಾಹೀರಾತನ್ನು ನಿನ್ನಪ್ಪ ಫೋನಿನಲ್ಲಿ ಓದಿ ಹೇಳಿದ. ಮಾರು, ನನ್ನದೇನೂ ಅಡ್ಡಿಯಿಲ್ಲ. ನಮ್ಮ ಅಟ್ಟದಲ್ಲೇ ಇದ್ದಿದ್ದರೆ ಇಷ್ಟರೊಳಗೆ ಗೆದ್ದಲಿನ ಪಾಲಾಗುತ್ತಿತ್ತು. ಆದರೆ ‘ಹೊಸದರಂತಿದೆ’ ಅಂತ ಬರೆದಿದ್ದೀಯಲ್ಲ, ಎಂತ ಅದು? ನೆಲ್ಯಾಡಿಯಲ್ಲಿ ಇಷ್ಟು ಮಳೆಗಾಲ ಕಳೆದದ್ದು ಹೊಸದರಂತೆ ಇರುವುದುಂಟಾ?

ಅದು ಬಂದ ಕತೆ ನಿನಗೆ ಗೊತ್ತಿಲ್ಲ. ತಿರುವಾಂಕೂರು ಕಡೆಯಿಂದ ಬಂದು ಇಲ್ಲಿಯ ಗುಡ್ಡಗಳಲ್ಲಿ ರಬ್ಬರ್ ಹಾಕಿದವರಲ್ಲಿ ನಮ್ಮ ಪಕ್ಕದ ತೋಟದ ಚೇಟ್ಟನೂ ಒಬ್ಬರು. ಅವರ ತಂಗಿ ಜರ್ಮನಿಯಲ್ಲಿ ನರ್ಸ್. ಒಮ್ಮೆ ರಜೆಗೆ ಬಂದಾಗ 1973ರ ಈ ‘ನೌ ಆ್ಯಂಡ್ ದೆನ್’ ತಂದರು. ತಂದದ್ದೇನೋ ಸರಿ, ಅವರ ಮನೆಯಲ್ಲಿ ಪ್ಲೇಯರೇ ಇಲ್ಲ! ನಮ್ಮಲ್ಲಿ ಒಂದು ಹಳೆಯ ಎಚ್‌ಎಂವಿ ಇತ್ತು. ಆದಿತ್ಯವಾರ ಚರ್ಚ್ ಮುಗಿಸಿ ಎಲ್ಲರೂ ನಮ್ಮ ಜಗಲಿಗೆ ಬರುತ್ತಿದ್ದರು. ನಿನ್ನಜ್ಜಿ ಬೆಲ್ಲ, ಕಾಯಿತುರಿ ಹಾಕಿ ಅವಲಕ್ಕಿ ಕಲಸಿ ಕೊಡುತ್ತಿದ್ದಳು. ಚೆಂಡೆ ಕೇಳಿದ ನನ್ನ ಕಿವಿಗೆ ಆ ಹಾಡುಗಳು ಮೊದಮೊದಲು ಉಪ್ಪಿಲ್ಲದ ಗಂಜಿಯಂತೆ ಅನಿಸಿದವು. ಆಮೇಲೆ ಅದರಲ್ಲಿ ಹಾಡಿದ ಕ್ಯಾರನ್‌ಳ ಆ ತಗ್ಗು ಸ್ವರ ನನ್ನನ್ನು ಹಿಡಿದುಕೊಂಡಿತು. ಅವಳು ಡ್ರಮ್ಸ್ ಕೂಡ ಬಾರಿಸುತ್ತಿದ್ದಳು. 1983ರಲ್ಲಿ, ಬರೇ 32ನೇ ವರ್ಷಕ್ಕೆ ಹೋಗಿಬಿಟ್ಟಳು ಪಾಪ.

ರೆಕಾರ್ಡಿನ ಗೀರು ನನ್ನ ಕೈಯಿಂದ ಆದದ್ದು. ಆಟಿ ತಿಂಗಳ ಒಂದು ಸಂಜೆ, ಎರಡನೇ ಬದಿಯ ಮೊದಲ ಹಾಡು ‘ಎಸ್ಟರ್‌ಡೇ ಒನ್ಸ್ ಮೋರ್’ ನಡೆಯುತ್ತಿತ್ತು. ಕರೆಂಟು ಹೋಯಿತು. ತಟ್ಟೆ ನಿಧಾನ ಆಗುತ್ತ ಬಂದಂತೆ ಹೆಣ್ಣಿನ ಸ್ವರ ಗಂಡಸಿನದಾಗಿ, ಕಡೆಗೆ ಕೋಣ ಗುಟುರು ಹಾಕಿದ ಹಾಗಾಗಿ ನಿಂತಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕತ್ತಲಲ್ಲಿ ಮುಳ್ಳು ಎತ್ತಲು ಹೋದ ನಾನು ಕೈ ಜಾರಿಸಿದೆ. ನಿಮಿಷಕ್ಕೆ 33⅓ ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಆ ಲೆಕ್ಕಕ್ಕೆ ಸರಿಯಾಗಿ ‘ಟಕ್, ಟಕ್’ ಅಂತ ಕೇಳುತ್ತದೆ, ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಮುಳ್ಳು ಮಾತ್ರ ಹಾರುವುದಿಲ್ಲ. ಇದಿಷ್ಟನ್ನೂ ಹೀಗೆಯೇ ಬರೆ. ದುಡ್ಡು ಕೊಡುವವನು ಮನೆಯಲ್ಲಿ ಕೂತು ಮೊದಲ ‘ಟಕ್’ ಕೇಳುವಾಗ ನಿನ್ನನ್ನು ಬೈಯಬಾರದು.

ಮೂರು ಮಡಿಕೆಯ ಕವರನ್ನು ಪೂರ್ತಿ ಬಿಡಿಸಿ ಫೋಟೋ ತೆಗೆ. ಕ್ಯಾರನ್ ಮತ್ತು ಅವಳ ಅಣ್ಣ ಕೆಂಪು ಫೆರಾರಿಯಲ್ಲಿ ತಮ್ಮ ಅಪ್ಪ ಅಮ್ಮನ ಮನೆಯೆದುರು ಹಾದುಹೋಗುವ ಚಿತ್ರವದು. ಮೂಲೆಯ ಬೂಷ್ಟಿನ ಕಲೆಯೂ ಕಾಣಲಿ. ಮೂಸಿದರೆ ಈಗಲೂ ರಬ್ಬರ್ ಶೀಟಿನ ಹೊಗೆಯ ವಾಸನೆ ಇರಬಹುದು. ಚೇಟ್ಟನ ಹೊಗೆಗೂಡಿನ ಪಕ್ಕದ ಕೋಣೆಯಲ್ಲಿ ತುಂಬ ದಿನ ಇತ್ತು. ಅದನ್ನು ಬರೆಯುವುದು ಬಿಡುವುದು ನಿನಗೆ ಬಿಟ್ಟದ್ದು! ಲೇಬಲ್ಲಿನ ಸುತ್ತ ಹಾಡಿಲ್ಲದ ನುಣುಪು ಜಾಗದಲ್ಲಿ ಕೊರೆದ ಅಂಕೆಗಳಿವೆ, ಬಲ್ಲವರು ಮೊದಲು ಕೇಳುವುದು ಅದನ್ನೇ. ಕಳಿಸುವಾಗ ತಟ್ಟೆಯನ್ನು ಕವರಿನ ಹೊರಗೆ, ಒಳಚೀಲದಲ್ಲೇ ಇಟ್ಟು, ಎರಡು ಬದಿಗೂ ರಟ್ಟು ಕೊಡು. ಒಳಗೇ ಬಿಟ್ಟರೆ ದಾರಿಯಲ್ಲಿ ಕುಲುಕಿ ಕವರಿನ ಅಂಚು ಸೀಳುತ್ತದೆ.

ಒಂದು ಮಾತು ಕೇಳದೆ ಮಾರುವುದು ಸರಿಯಲ್ಲವೆಂದು ಮೊನ್ನೆ ಪೇಟೆಯಲ್ಲಿ ಸಿಕ್ಕಿದ ಚೇಟ್ಟನ ಮಗನ ಹತ್ತಿರ, “ನಿಮಗೆ ಬೇಕಾ?” ಅಂದೆ. ಅವನು ನಕ್ಕ. “ಮಾಷ್ಟ್ರೇ, ನಮ್ಮಲ್ಲಿ ಈಗಲೂ ಪ್ಲೇಯರ್ ಇಲ್ಲ” ಅಂದ.

ಇಂತಿ,
ನಿನ್ನ ಅಜ್ಜ