ರಕ್ತ ಕಡಿಮೆ ಯಾಕಾಯ್ತು?

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಉಳಿತಾಯ, ಒಳಸಾಲದ ಲೆಕ್ಕ ಬರೆದು ಮುಗಿದ ಮೇಲೆ ಸಂಘದ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತು ಹೆಚ್ಚಾಗಿ ಒಂದೇ. “ಯಾಕೋ ತುಂಬಾ ಸುಸ್ತು ಕಣಕ್ಕ.” “ದಿಣ್ಣೆ ಹತ್ತಿದ್ರೆ ಏದುಸಿರು ಬರುತ್ತೆ.” “ಕೂತು ಎದ್ರೆ ಕಣ್ಣಿಗೆ ಕತ್ತಲೆ ಕಟ್ಟುತ್ತೆ.” ಇದನ್ನು ನಾವು ಕಾಯಿಲೆ ಎಂದು ತಿಳಿಯುವುದಿಲ್ಲ. ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗುತ್ತೇವೆ. ಈ ಸಲ ಆ ಸುಸ್ತಿನ ಬಗ್ಗೆಯೇ ಕೂತು ಮಾತಾಡೋಣ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ 100 ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ 100 ಗಂಡಸರಲ್ಲಿ 25 ಮಂದಿಗೆ ಮಾತ್ರ. ಕರ್ನಾಟಕದಲ್ಲಿ ಮಹಿಳೆಯರಲ್ಲಿ ಸುಮಾರು 48, ಗಂಡಸರಲ್ಲಿ ಸುಮಾರು 20. ಒಂದೇ ಮನೆ, ಒಂದೇ ಒಲೆ, ಒಂದೇ ಪಾತ್ರೆಯ ಸಾರು. ಆದರೂ ಇಷ್ಟು ವ್ಯತ್ಯಾಸ ಏಕೆ? ಇದೇ ಈ ಪಾಠದ ಪ್ರಶ್ನೆ.

ರಕ್ತಹೀನತೆ ಎಂದರೇನು?

ನಮ್ಮ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತು ಇದೆ. ಉಸಿರಾಡಿದ ಗಾಳಿಯಲ್ಲಿರುವ ಆಮ್ಲಜನಕವನ್ನು ಮೈಯ ಎಲ್ಲಾ ಭಾಗಗಳಿಗೆ ಹೊತ್ತೊಯ್ಯುವ ಕೆಲಸ ಅದರದು. ಅದು ತಯಾರಾಗಲು ಕಬ್ಬಿಣದ ಅಂಶ ಬೇಕು. ಮಹಿಳೆಯರಲ್ಲಿ ಇದು 12 ಗ್ರಾಂಗಿಂತ ಕಡಿಮೆ ಇದ್ದರೆ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ಅದೇ ರಕ್ತಹೀನತೆ. 8 ಗ್ರಾಂಗಿಂತ ಕೆಳಗಿಳಿದರೆ, ಗರ್ಭಿಣಿಗೆ 7 ಗ್ರಾಂಗಿಂತ ಕೆಳಗಿಳಿದರೆ ಅದು ತೀವ್ರ ಸ್ಥಿತಿ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಲಕ್ಷಣಗಳು: ಕಣ್ಣಿನ ಕೆಳರೆಪ್ಪೆಯ ಒಳಭಾಗ, ನಾಲಿಗೆ, ಉಗುರು ಬಿಳಿಚಿಕೊಳ್ಳುವುದು, ಸ್ವಲ್ಪ ಕೆಲಸಕ್ಕೇ ಏದುಸಿರು, ಎದೆ ಬಡಿತ, ತಲೆ ಸುತ್ತು. ಕೆಲವರಿಗೆ ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಆಸೆ ಆಗುತ್ತದೆ. ಅದನ್ನು ನೋಡಿ ನಗಬೇಡಿ. ಅದೂ ಒಂದು ಲಕ್ಷಣವೇ.

ಇದು ಬರೀ ಸುಸ್ತಿನ ವಿಷಯವಲ್ಲ. ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ರಕ್ತ ಚೆನ್ನಾಗಿರುವವಳು ತಡೆದುಕೊಳ್ಳುತ್ತಾಳೆ. ಮೊದಲೇ ರಕ್ತ ಕಡಿಮೆ ಇರುವವಳಿಗೆ ಅದೇ ಪ್ರಾಣಕ್ಕೆ ಬರಬಹುದು. ಮಗು ದಿನ ತುಂಬುವ ಮೊದಲೇ ಹುಟ್ಟುವ, ತೂಕ ಕಡಿಮೆ ಇರುವ ಅಪಾಯವೂ ಹೆಚ್ಚು.

“ಆದರೆ ಯಾಕೆ?” ಎಂದು ಕೇಳುತ್ತಾ ಹೋಗೋಣ

ಹಳ್ಳಿಯ ಆರೋಗ್ಯ ಕಾರ್ಯಕರ್ತರ ತರಬೇತಿಯಲ್ಲಿ ಒಂದು ಹಳೆಯ ಆಟವಿದೆ. ಡೇವಿಡ್ ವರ್ನರ್ ಮತ್ತು ಬಿಲ್ ಬೋವರ್ 1982ರಲ್ಲಿ ಕಾರ್ಯಕರ್ತರಿಗಾಗಿ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಒಂದು ಉತ್ತರ ಬಂದ ಕೂಡಲೇ ನಿಲ್ಲಿಸದೆ “ಆದರೆ ಯಾಕೆ?” ಎಂದು ಮತ್ತೆ ಕೇಳುವುದೇ ಆ ಆಟ. ಕಾಫಿ ತೋಟದ ಕೂಲಿಗೆ ಹೋಗುವ ಹೆಂಗಸರ ಸಂಘದಲ್ಲಿ ಈ ಆಟ ಆಡಿದರೆ ಮಾತು ಹೀಗೆ ಸಾಗುತ್ತದೆ:

ಕಾರ್ಯಕರ್ತೆ: ಈ ಅಕ್ಕಂಗೆ ರಕ್ತ 8 ಗ್ರಾಂ ಅಂತ ಬಂದಿದೆ. ಯಾಕೆ?

ಸದಸ್ಯೆ: ಸರಿಯಾಗಿ ಉಣ್ಣಲ್ಲ, ಅದಕ್ಕೆ.

ಕಾರ್ಯಕರ್ತೆ: ಆದರೆ ಯಾಕೆ? ಮನೇಲಿ ಅಡುಗೆ ಮಾಡೋರು ಅವರೇ ಅಲ್ವಾ?

ಸದಸ್ಯೆ: ಮಾಡ್ತಾರೆ. ಎಲ್ಲರಿಗೂ ಬಡಿಸಿ ಆಮೇಲೆ ಉಣ್ಣೋದು. ಅಷ್ಟೊತ್ತಿಗೆ ಸಾರಲ್ಲಿ ಸೊಪ್ಪೂ ಇರಲ್ಲ, ಕಾಳೂ ಇರಲ್ಲ. ಬರೀ ತಿಳಿ.

ಕಾರ್ಯಕರ್ತೆ: ಆದರೆ ಯಾಕೆ ಕೊನೇಲೇ ಉಣ್ಣಬೇಕು?

ಸದಸ್ಯೆ: ನಮ್ಮವ್ವ ಹಂಗೇ ಮಾಡ್ತಿದ್ರು, ನಮ್ಮತ್ತೇನೂ ಹಂಗೇ. ಮೊದ್ಲು ಉಂಡ್ರೆ ನೋಡ್ದೋರು ಏನಂತಾರೆ?

ಕಾರ್ಯಕರ್ತೆ: ಆಶಾ ಅಕ್ಕ ಮಾತ್ರೆ ಕೊಟ್ಟಿದ್ರಲ್ಲ?

ಸದಸ್ಯೆ: ಕೊಟ್ರು. ನುಂಗಿದ್ರೆ ಹೊಟ್ಟೆ ತೊಳಸುತ್ತೆ ಅಂತ ಗೂಡಲ್ಲಿ ಇಟ್ಟವ್ರೆ.

ಕಾರ್ಯಕರ್ತೆ: ಆಸ್ಪತ್ರೆಗೆ ಹೋಗಿ ಹೇಳಲಿಲ್ಲ ಯಾಕೆ?

ಸದಸ್ಯೆ: ಬಸ್ಸೇನೋ ಫ್ರೀ. ಒಂದು ದಿನದ ಕೂಲಿ ಹೋದ್ರೆ ಯಾರು ಕೊಡ್ತಾರೆ? ಹಸು, ಮಕ್ಕಳನ್ನ ಯಾರು ನೋಡ್ತಾರೆ?

ಹಿರಿಯ ಸದಸ್ಯೆ: ನಾನೊಂದು ಮಾತು ಹೇಳ್ತೀನಿ. ಅವಳಿಗೆ ತಿಂಗಳಿಗೆ ಹತ್ತು ದಿನ ಮುಟ್ಟು ಹೋಗುತ್ತೆ. ಅದನ್ನ ಹೇಳ್ಕೊಳ್ಳೋಕೆ ನಾಚಿಕೆ.

ಮಾತು ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಊಟದಿಂದ ಶುರುವಾಗಿ ಮನೆಯ ರೂಢಿಗೆ ಬಂತು. ಅಲ್ಲಿಂದ ಕೂಲಿಗೆ, ಮನೆಗೆಲಸದ ಹಂಚಿಕೆಗೆ, ನಾಚಿಕೆಗೆ ಬಂತು. ಮಾತ್ರೆ ಬೇಕೇ ಬೇಕು. ಆದರೆ ಆ ಮಾತ್ರೆ ಗೂಡಿನಿಂದ ಬಾಯಿಗೆ ಬರಬೇಕಾದರೆ ಉಳಿದ ಕಾರಣಗಳ ಬಗ್ಗೆಯೂ ಮಾತಾಡಲೇಬೇಕು.

ಯಾರಿಗೆ ಹೆಚ್ಚು ಬೇಕು, ಯಾರಿಗೆ ಹೆಚ್ಚು ಸಿಗುತ್ತದೆ?

ತಿಂಗಳ ಮುಟ್ಟಿನಲ್ಲಿ, ಬಸುರಿನಲ್ಲಿ, ಹೆರಿಗೆಯಲ್ಲಿ ಹೆಣ್ಣಿನ ಮೈಯಿಂದ ಕಬ್ಬಿಣದ ಅಂಶ ಖರ್ಚಾಗುತ್ತದೆ. ಇದು ಪ್ರಕೃತಿ ನಿಯಮ. ಆದ್ದರಿಂದ 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದ ಅಂಶ ಸಾಕು, ಹೆಂಗಸಿಗೆ 29 ಮಿಲಿಗ್ರಾಂ ಬೇಕು ಎಂದು ಗೊತ್ತುಮಾಡಿತು. ಅಂದರೆ ಸೊಪ್ಪು, ಕಾಳು, ಮೊಟ್ಟೆ, ಮೀನು ಮೊದಲು ಹೋಗಬೇಕಾದದ್ದು ನಮ್ಮ ತಟ್ಟೆಗೆ, ಬೆಳೆಯುವ ಹೆಣ್ಣುಮಕ್ಕಳ ತಟ್ಟೆಗೆ. ಆದರೆ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮುಟ್ಟು ಪ್ರಕೃತಿ ಕೊಟ್ಟದ್ದು. ಕೊನೆಯಲ್ಲಿ ಉಣ್ಣುವ ರೂಢಿ ಮನುಷ್ಯರು ಮಾಡಿದ್ದು. ಮನುಷ್ಯರು ಮಾಡಿದ್ದನ್ನು ಮನುಷ್ಯರೇ ಬದಲಾಯಿಸಬಹುದು.

24 ಅವರೆಕಾಳಿನ ಲೆಕ್ಕ

ಈ ಚಟುವಟಿಕೆಯನ್ನು ಸಭೆಯಲ್ಲಿ ಮಾಡಿ ನೋಡಿ. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ದೊಡ್ಡ ವೃತ್ತ ಬರೆಯಿರಿ. ಒಂದು ಹೆಂಡತಿಯ ದಿನ, ಇನ್ನೊಂದು ಗಂಡನ ದಿನ. ಪ್ರತಿಯೊಂದಕ್ಕೂ 24 ಅವರೆಕಾಳು ಕೊಡಿ. ಒಂದು ಕಾಳು ಅಂದರೆ ಒಂದು ಗಂಟೆ. ನಿದ್ದೆ, ಕೂಲಿ, ಅಡುಗೆ, ನೀರು, ಸೌದೆ, ದನ, ಮಕ್ಕಳು, ಬಟ್ಟೆ, ವಿಶ್ರಾಂತಿ ಎಂದು ವೃತ್ತದಲ್ಲಿ ಭಾಗ ಮಾಡಿ ಕಾಳು ಹಂಚಿ. ವಿಶ್ರಾಂತಿಯ ಭಾಗಕ್ಕೆ ಎಷ್ಟು ಕಾಳು ಉಳಿಯುತ್ತದೆ ನೋಡಿ.

ಸರ್ಕಾರವೂ ಇಂಥ ಲೆಕ್ಕ ಮಾಡಿದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ದುಡಿಯುತ್ತಾರೆ, ಗಂಡಸರು 88 ನಿಮಿಷ. ಅಂದರೆ ನಾವು ಸುಮಾರು ಐದು ಗಂಟೆ, ಅವರು ಒಂದೂವರೆ ಗಂಟೆ. ಮಕ್ಕಳು, ವಯಸ್ಸಾದವರು, ಕಾಯಿಲೆಯವರನ್ನು ನೋಡಿಕೊಳ್ಳುವುದು ಇದರಲ್ಲಿ ಸೇರಿಲ್ಲ. ಆದರೂ “ಹೆಂಡತಿ ಏನು ಮಾಡ್ತಾರೆ?” ಎಂದು ಯಾರಾದರೂ ಕೇಳಿದರೆ “ಮನೇಲೇ ಇದ್ದಾಳೆ” ಅನ್ನುತ್ತಾರೆ. ನಾವೂ ಹಾಗೇ ಹೇಳುತ್ತೇವೆ.

ಕೂಲಿಯ ವಿಷಯವೂ ಇದಕ್ಕೆ ಸೇರಿದ್ದೇ. ಒಂದೇ ಕೆಲಸಕ್ಕೆ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಕೊಡಬಾರದು ಎಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. 2019ರ ವೇತನ ಸಂಹಿತೆಯಲ್ಲೂ ಅದೇ ನಿಯಮ ಇದೆ. ಕಾಯ್ದೆ ಇದ್ದರೂ ನಿಮ್ಮೂರಲ್ಲಿ ಲೆಕ್ಕ ಹೇಗಿದೆ ಎಂಬುದು ನಿಮಗೇ ಗೊತ್ತು. ಕೂಲಿ ಕಡಿಮೆಯಾದವಳಿಗೆ ಆಸ್ಪತ್ರೆಗೆಂದು ಒಂದು ದಿನ ಬಿಡುವುದೂ ಕಷ್ಟ.

ನಾಚಿಕೆ ಪಟ್ಟರೆ ನಷ್ಟ ನಮಗೇ

ಮುಟ್ಟು ಏಳು ದಿನಕ್ಕಿಂತ ಹೆಚ್ಚು ಹೋದರೆ, ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಾಯಿಸಬೇಕಾದರೆ, ಗಡ್ಡೆ ಗಡ್ಡೆಯಾಗಿ ಹೋದರೆ ಡಾಕ್ಟರಿಗೆ ಹೇಳಬೇಕು. ಇದಕ್ಕೆ ಕಾರಣ ಹಲವು. ಎಷ್ಟೋ ಸಲ ಔಷಧಿಯಿಂದಲೇ ವಾಸಿಯಾಗುತ್ತದೆ. ಕೂಡಲೇ “ಗರ್ಭಕೋಶ ತೆಗೆಸಿಬಿಡಿ” ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು 2015ರಲ್ಲಿ ದೊಡ್ಡ ಸುದ್ದಿಯಾದವು. ಆ ಮಹಿಳೆಯರು ಬೀದಿಗಿಳಿದು ನ್ಯಾಯ ಕೇಳಿದರು. 2023ರಲ್ಲಿ ಸುಪ್ರೀಂ ಕೋರ್ಟ್, ಇಂಥ ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು ಎಲ್ಲಾ ರಾಜ್ಯಗಳಿಗೆ ಆದೇಶ ನೀಡಿತು.

ಮಾತಾಡಿದರೆ ಏನಾಗುತ್ತದೆ?

“ಹೆಂಗಸರು ಕೂತು ಮಾತಾಡಿದ್ರೆ ಏನು ಬದಲಾಗುತ್ತೆ?” ಎಂದು ಕೇಳುವವರಿದ್ದಾರೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಮಹಿಳೆಯರು ಸಾಕ್ಷರತಾ ತರಗತಿಯಲ್ಲಿ ಸಾರಾಯಿ ಬಗ್ಗೆ ಪಾಠ ಓದಿ, ತಮ್ಮ ಮನೆಯ ಕಷ್ಟ ಹೇಳಿಕೊಂಡು, ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. 1992ರಲ್ಲಿ ಆ ಚಳವಳಿ ಊರಿಂದ ಊರಿಗೆ ಹರಡಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಿತು. ನಮ್ಮ ರಾಜ್ಯದಲ್ಲೂ 2007ರಲ್ಲಿ ಸಾರಾಯಿ ನಿಂತಿತು. ಬೇರೆ ಮದ್ಯ ಈಗಲೂ ಸಿಗುತ್ತಿದೆ, ಸಮಸ್ಯೆ ಮುಗಿದಿಲ್ಲ. ಆದರೆ ಒಂದು ತರಗತಿಯ ಮಾತುಕತೆ ಸರ್ಕಾರದ ಬಾಗಿಲವರೆಗೂ ಹೋಯಿತು ಎಂಬುದನ್ನು ನೆನಪಿಡಬೇಕು.

ನಾವು ಏನು ಮಾಡಬಹುದು?

ನಮ್ಮ ಮೈಗಾಗಿ:

1. ಎಲ್ಲರೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಹಣ ಕೊಡಬೇಕಿಲ್ಲ.

2. ಗರ್ಭಿಣಿಯರು ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆಯಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು. ಉಳಿದವರು ಆರೋಗ್ಯ ಕಾರ್ಯಕರ್ತೆ ಹೇಳಿದಂತೆ ತೆಗೆದುಕೊಳ್ಳಿ.

3. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ಅಥವಾ ರಾತ್ರಿ ಮಲಗುವಾಗ ನುಂಗಿ. ಮಲ ಕಪ್ಪಾಗುತ್ತದೆ, ಹೆದರಬೇಡಿ. ಮಾತ್ರೆಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಅವರು ನುಂಗಿದರೆ ಅಪಾಯ.

4. ಊಟದ ಜೊತೆಗೆ, ಮಾತ್ರೆಯ ಜೊತೆಗೆ ಕಾಫಿ, ಟೀ ಕುಡಿಯಬೇಡಿ. ಮೈಗೆ ಕಬ್ಬಿಣದ ಅಂಶ ಸೇರುವುದನ್ನು ಅವು ತಡೆಯುತ್ತವೆ. ಒಂದೆರಡು ಗಂಟೆ ಬಿಟ್ಟು ಕುಡಿಯಿರಿ.

5. ಸೊಪ್ಪು, ಮೊಳಕೆ ಕಟ್ಟಿದ ಹುರುಳಿ, ಹೆಸರುಕಾಳು ತಿನ್ನಿ. ಜೊತೆಗೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆ ಇರಲಿ. ಹುಳಿ ಹಣ್ಣು ಇದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ತಿನ್ನುವವರಿಗೆ ಮೀನು, ಮಾಂಸ, ಈಲಿ (ಲಿವರ್) ಬಹಳ ಒಳ್ಳೆಯದು.

ಮನೆಯಲ್ಲಿ:

6. ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಸಾರಿನ ಪಾತ್ರೆ ಮಧ್ಯದಲ್ಲಿರಲಿ.

7. ಗಂಡ, ಗಂಡುಮಕ್ಕಳಿಗೆ ಒಂದೊಂದು ಕೆಲಸ ಗೊತ್ತುಮಾಡಿ. ಜಗಳ ಆಡಿ ಹೇಳಬೇಕಿಲ್ಲ. ರಕ್ತ ಪರೀಕ್ಷೆಯ ಚೀಟಿ ತೋರಿಸಿ, “ನನ್ನ ಮೈ ಹೀಗಿದೆ, ನೀವು ಕೈ ಹಾಕಬೇಕು” ಎಂದು ಹೇಳಿ.

ಸಂಘದಲ್ಲಿ:

8. ನಾಲ್ಕೈದು ಮಂದಿ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ಹೋಗಿ. ಆ ದಿನ ಅವರ ಮಕ್ಕಳು, ದನಗಳನ್ನು ಉಳಿದವರು ಸರದಿಯಂತೆ ನೋಡಿಕೊಳ್ಳಲಿ.

9. ಚಿಕಿತ್ಸೆಗೆ ಬೇಕಾದ ತುರ್ತು ಒಳಸಾಲವನ್ನು ಮುಂದಿನ ಸಭೆಯವರೆಗೆ ಕಾಯಿಸದೆ ಕೊಡುವ ಬಗ್ಗೆ ನಿರ್ಣಯ ಬರೆದಿಡಿ.

10. ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಇಲ್ಲ, ಊರಿಗೆ ನೀರಿಲ್ಲ, ಕೂಲಿಯಲ್ಲಿ ತಾರತಮ್ಯವಿದೆ ಎಂದಾದರೆ ಒಬ್ಬರೇ ಗೊಣಗಬೇಡಿ. ಸಂಘದ ಹೆಸರಿನಲ್ಲಿ ಅರ್ಜಿ ಬರೆದು ಗ್ರಾಮಸಭೆಯಲ್ಲಿ ಕೊಡಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಯಾರು ಮೊದಲು ಉಂಡರು, ಯಾರು ಕೊನೆಗೆ ಉಂಡರು? ಕೊನೆಯವರ ತಟ್ಟೆಯಲ್ಲಿ ಏನಿತ್ತು?

2. ಅವರೆಕಾಳಿನ ಲೆಕ್ಕದಲ್ಲಿ ಯಾವ ಕೆಲಸವನ್ನು ಗಂಡಸರ ವೃತ್ತಕ್ಕೆ ಸರಿಸಬಹುದು?

3. ನಮ್ಮ ಹೆಣ್ಣುಮಕ್ಕಳಿಗೂ ಕೊನೆಯಲ್ಲಿ ಉಣ್ಣುವುದನ್ನೇ ಕಲಿಸುತ್ತಿದ್ದೇವೆಯೇ?

4. ನಿಮ್ಮೂರಲ್ಲಿ ಗಂಡಾಳಿನ ಕೂಲಿ ಎಷ್ಟು, ಹೆಣ್ಣಾಳಿನ ಕೂಲಿ ಎಷ್ಟು? ಈ ವ್ಯತ್ಯಾಸಕ್ಕೆ ಯಾವ ಕಾರಣ ಹೇಳುತ್ತಾರೆ?

ಮುಂದಿನ ಸಭೆಗೆ: ಪ್ರತಿಯೊಬ್ಬ ಸದಸ್ಯೆಯೂ ತನ್ನ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತಿಳಿದುಕೊಂಡು ಬರಲಿ. ಹೇಳಲು ಒಪ್ಪುವವರ ಸಂಖ್ಯೆಯನ್ನು ನಡಾವಳಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ ಪಕ್ಕದಲ್ಲಿ ಬರೆಯಿರಿ. ಉಳಿತಾಯದ ಹಣ ಏರುವುದನ್ನು ನೋಡಿ ಸಂತೋಷ ಪಡುವ ನಾವು, ಈ ಲೆಕ್ಕವೂ ಏರುವಂತೆ ನೋಡಿಕೊಳ್ಳೋಣ.